ಅಲ್ಲಾಡದ ಬೆಟ್ಟ

ನನ್ನ ಕಿವಿ ಹಿಂಡುವ ಏಕೈಕ ಅಧಿಕಾರಿಯಾದ ಅಕ್ಕನವರ ಸನ್ನಿಧಿಗೆ, ಆ ಕಿವಿಯ ಒಡೆಯ ತಗ್ಗಿಬಗ್ಗಿ ಅರಿಕೆ ಮಾಡಿಕೊಳ್ಳುವುದು:

ನಾನು ಈ ಊರಿನ ಕಾಲೇಜಿನಿಂದ ಹಾಕುವ ವಿಡಿಯೋಗಳನ್ನು ನೋಡಿ ನೀನೂ ಇಲ್ಲಿಗೇ ಓದಲು ಬರುವುದೆಂದು ತೀರ್ಮಾನಿಸಿದ್ದೀಯಂತೆ. ಸೋಮವಾರ ಶಾಲೆಯ ಕೆಲಸಕ್ಕೆ ರಾಜೀನಾಮೆಯಂತೆ. ಅಮ್ಮ ಹೇಳಿದಳು. ಅದಕ್ಕೂ ಮುಂಚೆ ಅಪರಾಧಿಯ ಹೇಳಿಕೆ ದಾಖಲಾಗಲಿ.

ಅಪ್ಪನ ಫೋಟೋ ಸ್ಟುಡಿಯೋದಲ್ಲಿದ್ದ ಹಿಮದ ಬೆಟ್ಟದ ಪರದೆ ನೆನಪಿದೆಯಾ? ಗಿರಾಕಿಗಳು ಉಸಿರು ಬಿಗಿಹಿಡಿದು ಅದರ ಮುಂದೆ ನಿಂತಾಗ ನಾವಿಬ್ಬರೂ ಹಿಂದಿನಿಂದ ಬೆಟ್ಟವನ್ನು ಅಲ್ಲಾಡಿಸುತ್ತಿದ್ದೆವು. “ನಗಬೇಡ ಕಣೋ, ಅಪ್ಪಂಗೆ ಗೊತ್ತಾದ್ರೆ ಇಬ್ರಿಗೂ ಬೀಳುತ್ತೆ” ಎನ್ನುತ್ತಲೇ ನೀನು ಮೊದಲು ಕಿಸಕ್ಕೆಂದು ನಗುತ್ತಿದ್ದೆ. “ಮತ್ತೆ ಭೂಕಂಪನಾ?” ಎಂದು ಅಪ್ಪ ಕ್ಯಾಮೆರಾ ಬಿಟ್ಟು ಓಡಿಬರುತ್ತಿದ್ದರು.

ವಿಡಿಯೋದಲ್ಲಿ ನನ್ನ ಬೆನ್ನ ಹಿಂದೆ ಸರೋವರ ಕಾಣುವ ಕಿಟಕಿಯೂ ಅದೇ ಜಾತಿಯದು. ಅದು ಕಾಲೇಜಿನ ಲೈಬ್ರರಿಯದು. ನನ್ನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುತ್ತದೆ. “ಇವತ್ತು ಫ್ರೆಂಡ್ಸ್ ಜೊತೆ ಊಟ” ಎಂದ ದಿನ ಎದುರಿಗೆ ಕೂತಿದ್ದದ್ದು ಫೋನಿನ ಸ್ಟ್ಯಾಂಡ್. ಪಾಠ ಮಾತ್ರ ನಿಜಕ್ಕೂ ಚೆನ್ನಾಗಿದೆ. ಯಾರೂ ನೋಡುವುದಿಲ್ಲವೆಂದು ಅದನ್ನು ಹಾಕಲೇ ಇಲ್ಲ.

ಏನೂ ಕತ್ತರಿಸದೆ ಇಡೀ ಕೋಣೆ ತೋರಿಸಿದ ಒಂದು ವಿಡಿಯೋವನ್ನು ನಿನ್ನ ಫೋನಿಗೆ ಕಳಿಸಿದ್ದೇನೆ. ಅಪ್ಪನ ಜೊತೆ ಕೂತು ನೋಡು. ಆಮೇಲೆ ರಾಜೀನಾಮೆ ಕೊಡು, ಇಲ್ಲವೇ ಹರಿದುಹಾಕು. ಬರಲೇಬೇಡ ಎನ್ನುವಷ್ಟು ಒಳ್ಳೆಯವನಂತೂ ನಾನಲ್ಲ.

ಇಲ್ಲಿ ಪರದೆಯ ಹಿಂದೆ ಯಾರೂ ಇಲ್ಲ ಅಕ್ಕ. ಬೆಟ್ಟ ಅಲ್ಲಾಡುವುದೇ ಇಲ್ಲ.

ಇಂತಿ,
ಭೂಕಂಪ ಇಲಾಖೆಯ ನಿನ್ನ ಮಾಜಿ ಸಹಾಯಕ