ಪಾರಿವಾಳ ಗೋಪುರದ ಸೀಲು

ಜೂನ್ ೧೪, ಭಾನುವಾರ

ನನ್ನ ಕಾರ್ಡಿನ ಆ ಒಂದು ಖಾಲಿ ಚೌಕ ಕಣ್ಣಿಗೆ ಚುಚ್ಚುತ್ತಲೇ ಇದೆ.

ಮುನ್ನೂರು ಕಿಲೋಮೀಟರ್ ಸೈಕಲ್ ತುಳಿದೆ. ದಾರಿಯ ಆರು ಊರುಗಳಲ್ಲೂ ಕಾರ್ಡಿಗೆ ಸೀಲು ಬೀಳಬೇಕು, ಒಂದು ತಪ್ಪಿದರೂ ಸವಾರಿ ಲೆಕ್ಕಕ್ಕಿಲ್ಲ. ಈ ಸಲ ಜೇಬಿನಲ್ಲಿ ಎರಡು ಕಾರ್ಡುಗಳಿದ್ದವು: ಒಂದು ನನ್ನದು, ಇನ್ನೊಂದು ಆಸ್ಪತ್ರೆಯಲ್ಲಿ ಮಲಗಿರುವ ಆನ್ಸೆಲ್ಮನದು. ಮೂವತ್ತು ವರ್ಷ ನನ್ನ ಜೊತೆಗೇ ತುಳಿದವನು. ಹೆಚ್ಚೆಂದರೆ ಇನ್ನೊಂದು ವಾರ ಅಂದಿದ್ದಾರೆ ಡಾಕ್ಟರು.

ಐದು ಊರುಗಳಲ್ಲಿ ಯಾರೂ ಏನೂ ಕೇಳಲಿಲ್ಲ. ವೆರ್ನ್ಯೋಲಿನ ಬೇಕರಿಯ ಅರ್ಲೆಟ್ ಮಾತ್ರ ಬಿಡಲಿಲ್ಲ. ಅವಳ ಸೀಲಿನಲ್ಲಿ ಆ ಊರಿನ ಹಳೇ ಪಾರಿವಾಳ ಗೋಪುರದ ಚಿತ್ರವಿದೆ. ಆನ್ಸೆಲ್ಮನಿಗೆ ಅದರ ಮೇಲೇ ಆಸೆ.

"ತುಳೀದೆ ಇರೋನಿಗೆ ಸೀಲ್ ಹಾಕಲ್ಲ ಕಣಯ್ಯಾ."

"ಅವ್ನು ಉಳಿಯಲ್ಲ, ಅರ್ಲೆಟ್."

ಅವಳು ಕೈಗಂಟಿದ ಹಿಟ್ಟು ಒರೆಸಿಕೊಂಡಳು. "ಪ್ರತಿ ವರ್ಷ ಆ ಗೋಪುರದ ನೆರಳಲ್ಲಿ ಕೂತು, ನನ್ನ ಬ್ರೆಡ್ ಸೀದಿದೆ ಅಂತ ಬೈತಿದ್ದ. ಕೊಡಿಲ್ಲಿ."

ಒತ್ತಿದಳು. ಅವಳ ಮನಸ್ಸು ಬದಲಾದೀತೆಂದು ಕಾರ್ಡನ್ನು ಕಸಿದುಕೊಂಡವನೇ ಸೈಕಲ್ ಹತ್ತಿಬಿಟ್ಟೆ. ನನ್ನ ಕಾರ್ಡನ್ನು ಜೇಬಿನಿಂದ ತೆಗೆದೇ ಇರಲಿಲ್ಲ.

ಕೊನೆಗೆ ನೋಡಿದರೆ ಅವನ ಕಾರ್ಡು ಭರ್ತಿ, ನನ್ನ ಸವಾರಿ ರದ್ದು.

ಸಂಕಟ ಅದಕ್ಕಲ್ಲ. ನಾಳೆ ಅವನದನ್ನು ಕೈಗಿಟ್ಟ ತಕ್ಷಣ "ಎಲ್ಲಿ, ನಿಂದು ತೋರ್ಸೋ" ಅನ್ನುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಅವನಿಗೆ ಸಮಾಧಾನವಿಲ್ಲ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಅವನ ಮುಂದಂತೂ ಇಲ್ಲವೇ ಇಲ್ಲ. ಹಿಂದೆ ನನಗೆ ಸೀಲು ತಪ್ಪಿದಾಗಲೆಲ್ಲ ಅವನದು ಒಂದೇ ಮಾತು: "ಹೋಗ್ಲಿ ಬಿಡೋ, ಮುಂದಿನ ವರ್ಷ ಇಬ್ರೂ ಹೋಗೋಣ."

ನಾಳೆಯೂ ಅಭ್ಯಾಸಬಲದಿಂದ ಅದನ್ನೇ ಅಂದುಬಿಟ್ಟರೆ ನಾನು ಹೇಗೆ "ಹೂಂ" ಅನ್ನಲಿ?