ಓಣಿಯ ನೀರು

ಅಕ್ಕಾ,

ಇದನ್ನು ನಿಮಗೆ ಕಳಿಸಲು ನನಗೆ ಮುಖವಿಲ್ಲ. ಆದರೂ ಇವತ್ತು ನಡೆದದ್ದನ್ನು ಇನ್ಯಾರಿಗೆ ಹೇಳಲಿ?

ಬಣ್ಣದ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಮತ್ತೆ ಹನ್ನೊಂದು ಮಕ್ಕಳಿಗೆ ಮೈತುಂಬ ಹುಣ್ಣು. ಆರೋಗ್ಯಾಧಿಕಾರಿಗಳು ತಾವೇ ನಮ್ಮ ಕೇಂದ್ರಕ್ಕೆ ಬಂದು, "ನೀರು ಶುದ್ಧವಾಗಿದೆ ಸಿಸ್ಟರ್, ಇಲ್ಲೊಂದು ಸಹಿ ಹಾಕಿಬಿಡಿ" ಎಂದು ನಗುತ್ತ ವರದಿ ಚಾಚಿದರು. ಎರಡು ವರ್ಷದಲ್ಲಿ ಒಮ್ಮೆಯೂ ಹಲ್ಲು ಬಿಡದವರು ನಕ್ಕರೆ ಅನುಮಾನ ಬರದೆ ಇರುತ್ತದೆಯೇ?

"ಯಾವ ನಲ್ಲಿಯಿಂದ ನೀರು ಹಿಡಿದ್ರಿ ಸಾರ್?"

"ಆ ಓಣಿದೇ."

"ಆ ಓಣೀಲಿ ನಲ್ಲಿನೇ ಇಲ್ವಲ್ಲ ಸಾರ್. ಅವರು ಕುಡಿಯೋದು ಬೋರ್ ನೀರು."

ಅವರ ಹುಬ್ಬು ಗಂಟಿಕ್ಕಿತು. "ಮುಂಚೆ ಇದ್ದ ಸಿಸ್ಟರೂ ಹೀಗೇ ತಲೆಹರಟೆ ಮಾಡ್ತಿದ್ರು. ಅವರು ಜನರನ್ನ ಎತ್ತಿಕಟ್ತಾರೆ ಅಂತ ಬರೆದ ಕಾಗದಕ್ಕೆ ಸಹಿ ಹಾಕಿದ್ದು ನೀವೇ ಅಲ್ವಾ?"

ಆ ಕಾಗದದಿಂದಲೇ ನಿಮ್ಮ ಕೆಲಸ ಹೋಯಿತು. ಓದದೆ ಸಹಿ ಹಾಕಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಓದಿದ್ದೆ ಅಕ್ಕಾ.

ಇವತ್ತು ಸಹಿ ಹಾಕಲಿಲ್ಲ. ಓಣಿಗೆ ಹೋಗಿ, ತಾಯಂದಿರ ಎದುರೇ ಲ್ಯಾಬ್ ಪರೀಕ್ಷೆಗೆಂದು ಬಾಟಲಿಗೆ ಬೋರ್ ನೀರು ತುಂಬಿಸಿದೆ. ಒಬ್ಬ ಅಜ್ಜಿ ಅದನ್ನು ಕಿತ್ತುಕೊಂಡು, ಮತ್ತೆ ನನ್ನ ಕೈಗೆ ಕೊಡಲೇ ಇಲ್ಲ.

"ನಿನ್ನನ್ನ ಹೇಗಮ್ಮಾ ನಂಬೋದು? ಲ್ಯಾಬಿನವರೆಗೆ ನಾನೂ ಬರ್ತೀನಿ."

ಬೇಡ ಎನ್ನಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ದಾರಿಯುದ್ದಕ್ಕೂ ಬಾಟಲಿಯ ಮುಚ್ಚಳದ ಮೇಲಿನ ಕೈಯನ್ನು ತೆಗೆಯಲಿಲ್ಲ.