ನೂರಾಹನ್ನೊಂದು ವರ್ಷದ ನಿಕೋಲಜ್ಜ

ಬ್ರಾಚ್ ದ್ವೀಪ
ನವೆಂಬರ್ ೩, ೧೯೯೮

ಪ್ರೀತಿಯ ನೆವೆಂಕಾ ಅಕ್ಕನಿಗೆ,

ತಲುಪಿದ ದಿನವೇ ಬರೆಯುತ್ತೇನೆಂದು ಹೊರಟವನು ಇವತ್ತು ಕೂತಿದ್ದೇನೆ, ಬೈಯಬೇಡ. ಇಲ್ಲಿನವರು ನನ್ನ ಬಲಗೈಗೆ ಸದಾ ಫೋರ್ಕೋ ಗ್ಲಾಸೋ ಕೊಟ್ಟುಬಿಡುತ್ತಾರೆ. ಪೆನ್ನಿಗೆ ಸರದಿ ಬಂದದ್ದು ಈಗ. ಪುಂತಾ ಅರೆನಾಸ್‌ನಲ್ಲಿ ಗಾಳಿ ಹೇಗಿದೆ? ಮನೆಗೆ ಚಾವಣಿ ಇನ್ನೂ ಇದೆ ತಾನೆ?

ಅಜ್ಜ ಬಿಟ್ಟುಬಂದ ಈ ದ್ವೀಪದಲ್ಲಿ ಅವನ ಕಡೆಯವರು ಅವನಿಗಾಗಿ ಕಾದರೋ, ಮರೆತರೋ, ಅಷ್ಟು ತಿಳಿದುಕೊಂಡು ಬಾ ಎಂದು ನೀನು ನನ್ನನ್ನು ಚಿಲಿಯಿಂದ ಅಟ್ಟಿದೆ. ಮರೆತರು ಎಂಬುದು ನಮ್ಮ ಅಪ್ಪನ ತೀರ್ಪು. ಎರಡನೇ ಮಹಾಯುದ್ಧವಾದ ಮೇಲೆ ಇಲ್ಲಿಂದ ಕಾಗದ ನಿಂತಾಗ ಮುನಿಸಿಕೊಂಡ ಆ ಮಹಾನುಭಾವ, ೧೯೫೨ರಲ್ಲಿ ಅಜ್ಜ ತೀರಿಕೊಂಡ ಸುದ್ದಿಯನ್ನೂ ಬರೆಯಲಿಲ್ಲವಲ್ಲ!

ದೋಣಿಯಿಂದಿಳಿದು ನಾನು ಗಂಭೀರವಾಗಿ ಘೋಷಿಸಿದೆ: ನಿಕೋಲ ಮಾರುಶಿಚ್‌ನ ಮೊಮ್ಮಗ ಬಂದಿದ್ದಾನೆ. ಯಾರೂ ಬೆಚ್ಚಲಿಲ್ಲ. ಈ ಊರಲ್ಲಿ ಮಾರುಶಿಚ್ ಅಲ್ಲದವನು ಪಾದ್ರಿಯೊಬ್ಬನೇ. ಹಿರಿಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದ ಬೀದಿಗೆರಡು ನಿಕೋಲರು. ಅದಕ್ಕೇ ಇಲ್ಲಿ ಪ್ರತಿ ಮನೆಗೂ ಒಂದು ಅಡ್ಡಹೆಸರು. ಯಾವ ಮನೆಯವನಪ್ಪಾ, ಆಡುಗಳಾ, ಗೂಬೆಗಳಾ ಅಂತ ಕೇಳಿದರು. ನಾನು ಪಶುಪಕ್ಷಿಗಳ ಬಗ್ಗೆ ಯೋಚಿಸಿ ಬಂದಿರಲಿಲ್ಲ.

ಟೊಂಚಿ ಎಂಬ ಆಜಾನುಬಾಹು ಮುದುಕ, ಆಡುಗಳ ಮನೆಯ ಯಜಮಾನ, ನನ್ನನ್ನು ತಬ್ಬಿಕೊಂಡ. ಅವರ ನಿಕೋಲನೂ ದಕ್ಷಿಣ ಅಮೆರಿಕಕ್ಕೆ ಹೋದವನೇ. ಕೆಂಡದ ಮೇಲೆ ಸುಡಲು ಕುರಿಮರಿ ಕಂಬಿಗೇರಿತು. ನಾನು ಅಜ್ಜ ಕಲಿಸಿದ ಭಾಷೆಯಲ್ಲಿ ಬಾಯಿ ತೆರೆದಾಗೆಲ್ಲ ಹುಡುಗಿಯರು ಹೊಟ್ಟೆ ಹಿಡಿದು ನಗುತ್ತಿದ್ದರು. ನೂರು ವರ್ಷದ ಹಿಂದಿನ ಮುದುಕಿ ಪ್ಯಾಂಟು ಹಾಕಿಕೊಂಡು ಬಂದ ಹಾಗಿದೆಯಂತೆ. ಮೂರನೆಯ ತಟ್ಟೆ ಮುಗಿಯುವಾಗ ಟೊಂಚಿ ಕಣ್ಣೊರೆಸಿಕೊಂಡು, ಪಾಪ, ಕಲ್ಲುಗಣಿಯಲ್ಲಿ ಎಡಗೈಯ ಮೂರು ಬೆರಳು ಕಳಕೊಂಡೇ ಹಡಗು ಹತ್ತಿದ ಎಂದ. ನಮ್ಮಜ್ಜ ಮ್ಯಾಂಡೊಲಿನ್ ನುಡಿಸುತ್ತಿದ್ದನಲ್ಲಾ ಅಂತ ನಾನು ಹೇಳಿಬಿಟ್ಟೆ.

ನಾನು ತಿಂದ ಮೂಳೆಗಳ ರಾಶಿಯನ್ನೇ ಎಲ್ಲರೂ ನೋಡಿದರು.

"ಹಾಗಾದ್ರೆ ನೀನು ಗೂಬೆ ಕಣೋ" ಎಂದ ಟೊಂಚಿ. "ನಮ್ಮೂರಲ್ಲಿ ಮ್ಯಾಂಡೊಲಿನ್ ಇದ್ದದ್ದು ಅವರ ಮನೇಲಿ ಮಾತ್ರ. ತಿಂದದ್ದನ್ನ ವಾಪಸ್ ಕೇಳೋಕಾಗಲ್ಲ, ಸಿಹಿನೂ ತಿನ್ಕೊಂಡು ಏಳು. ಅವರ ಮನೆ ವೈನು ಶುದ್ಧ ಹುಳಿ, ಈಗಲೇ ಹೇಳಿರ್ತೀನಿ."

ಮರುದಿನ ಅವನೇ ನನ್ನನ್ನು ಗೂಬೆಗಳ ಮನೆಗೆ ಒಪ್ಪಿಸಿದ. ಅಲ್ಲಿ ಪೆರೀನಾ ಅತ್ತೆ ಇದ್ದಾಳೆ, ಅಜ್ಜನ ತಮ್ಮನ ಮಗಳು, ಎಪ್ಪತ್ತೆಂಟು ವರ್ಷ, ಟೊಂಚಿಯನ್ನು ಈಗಲೂ ಲೋ ಮರಿ ಅನ್ನುತ್ತಾಳೆ. ನನ್ನ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಪರೀಕ್ಷಿಸಿ, ನಮ್ಮದೇ ಎಂದಳು. ಆಮೇಲೆ ಮೊದಲ ಪ್ರಶ್ನೆ: "ನಿಕೋಲ ದೊಡ್ಡಪ್ಪ ಹೇಗಿದ್ದಾರೆ?"

ನೂರು ದಾಟಿದವನ ಆರೋಗ್ಯ ವಿಚಾರಿಸುತ್ತೀರಲ್ಲ ಎಂದೆ ಅಕ್ಕ. ಯಾಕೆಂದು ತೋರಿಸಲು ಅವಳು ಸ್ಮಶಾನಕ್ಕೆ ಕರೆದೊಯ್ದಳು. ಮನೆತನದ ಸಮಾಧಿಯ ಬಿಳಿಕಲ್ಲಿನ ಮೇಲೆ ಸಾಲಾಗಿ ಹೆಸರುಗಳು, ನಡುವೆ ಅಜ್ಜ: ನಿಕೋಲ, ೧೮೮೭. ಮುಂದೆ ಖಾಲಿ ಕಲ್ಲು. ಅವನು ಹಡಗು ಹತ್ತಿದ ವಾರವೇ ಅವನ ತಾಯಿ ಕೆತ್ತಿಸಿದ್ದಂತೆ, ಎಲ್ಲೇ ಹೋದರೂ ಅವನ ಜಾಗ ಇಲ್ಲಿರಲಿ ಅಂತ. ಸತ್ತ ಸುದ್ದಿ ಬರುವವರೆಗೆ ಅವನ ಹೆಸರಿಗೆ ದೀಪ ಹಚ್ಚಕೂಡದು ಎಂದು ಕಟ್ಟಪ್ಪಣೆ ಮಾಡಿ ಆಕೆ ಕಣ್ಣುಮುಚ್ಚಿದಳು. ಸುದ್ದಿ ಬರಲೇ ಇಲ್ಲ. ಸತ್ತವರ ಹಬ್ಬದ ದಿನ ಊರೆಲ್ಲ ಮೊಂಬತ್ತಿ ಬೆಳಗುವಾಗ ಗೂಬೆಗಳ ಮನೆಯವರು ವರ್ಷವರ್ಷವೂ ಅಜ್ಜನೊಬ್ಬನನ್ನು ಬಿಟ್ಟು ಹಚ್ಚುತ್ತ ಬಂದಿದ್ದಾರೆ. ಇವರ ಲೆಕ್ಕದಲ್ಲಿ ಅವನಿಗೆ ನೂರಾಹನ್ನೊಂದು ವರ್ಷ, ಆರೋಗ್ಯ ಉತ್ತಮ!

ವಿಷಯ ತಿಳಿಸಿದೆ. ಅತ್ತೆ ಗಳಗಳನೆ ಅತ್ತಳು, ಮೂಗೊರೆಸಿಕೊಂಡಳು, ಆಮೇಲೆ ಸತ್ತವನನ್ನೇ ಬೈದಳು: "ನೋಡು, ಸದ್ದಿಲ್ಲದೆ ಸತ್ತು ಇಷ್ಟು ವರ್ಷ ನಮಗೆ ಮೊಂಬತ್ತಿ ಖರ್ಚು ಉಳಿಸಿದ್ದಾನೆ, ಜಿಪುಣ."

ನಿನ್ನೆ ಹಬ್ಬ. ಆಡುಗಳೂ ಗೂಬೆಗಳೂ ಸೇವಂತಿಗೆ ಹಿಡಿದು ಒಟ್ಟಿಗೆ ಬಂದರು. ಅಜ್ಜನ ಮೊದಲ ದೀಪವನ್ನು ನನ್ನ ಕೈಯಲ್ಲಿ ಹಚ್ಚಿಸಿದರು. ಆಮೇಲಿನ ಊಟದಲ್ಲಿ ಯಾರೋ ಮ್ಯಾಂಡೊಲಿನ್ ತಂದರು. ಹುಳಿ ವೈನು ಯಾರಿಗೂ ಸಾಕೆನಿಸಲಿಲ್ಲ, ಟೊಂಚಿಗಂತೂ ಇಲ್ಲವೇ ಇಲ್ಲ. ಇಷ್ಟು ಸಂತೋಷದ ತಿಥಿ ನಾನು ಕಂಡಿಲ್ಲ. ಅಪ್ಪನ ತೀರ್ಪು ರದ್ದಾಗಿದೆ ಅಕ್ಕ. ಅವರು ಕಾದರು.

ದೇವಮಾತೆ ನಿನ್ನನ್ನೂ ಚಾವಣಿಯನ್ನೂ ಕಾಯಲಿ. ಸೊಂಟ ಎರಡು ಸುತ್ತು ದಪ್ಪವಾದ ನಿನ್ನ ತಮ್ಮ,

ಯೆರ್ಕೊ

ಮರುಬರಹ: ಮೇಲೆ ಬರೆಯಲು ಧೈರ್ಯ ಸಾಲದ್ದು ಇದು. ನೀನು ಕೇಳಿಕೊಂಡು ಬಾ ಎಂದದ್ದು ಅಜ್ಜನ ಸಲುವಾಗಿ ಅಲ್ಲ ಎಂದು ನನಗೆ ಗೊತ್ತಿತ್ತು. ಬೇರೆ ಯಾರ್‍ಯಾರಿದ್ದಾರೆ ಎಂದು ಪೆರೀನಾ ಅತ್ತೆ ವಿಚಾರಿಸಿದಾಗ ನಿನ್ನ ಮಗ ಆಂದ್ರೊನ ವಿಷಯ ಹೇಳಿದೆ. ಏಡಿ ಹಿಡಿಯಲು ಜಲಸಂಧಿಗೆ ಹೋದ ಅವನ ದೋಣಿ ಮೂರು ಚಳಿಗಾಲವಾದರೂ ಬಂದಿಲ್ಲ, ಎಲ್ಲರೂ ಸತ್ತವರ ಪೂಜೆ ಮಾಡಿಸಿಬಿಡು ಅಂದರೂ ನೀನು ಒಪ್ಪುತ್ತಿಲ್ಲ ಎಂದೆ. ದೇಹ ಸಿಕ್ಕಿತಾ ಎಂದು ಕೇಳಿದಳು. ಇಲ್ಲ ಎಂದೆ. ಇವತ್ತು ಬೆಳಿಗ್ಗೆ ಕಲ್ಲುಕುಟಿಗನನ್ನು ಕರೆಸಿದಳು. ಅಜ್ಜನ ಹೆಸರಿರುವ ಸಾಲಿನ ಕೊನೆಗೆ ಈಗ ಆಂದ್ರೊ, ೧೯೭೧ ಎಂದಿದೆ. ಮುಂದೆ ಏನೂ ಇಲ್ಲ. "ಅವನಮ್ಮನಿಗೆ ಬರಿ" ಎಂದಳು, "ಇಲ್ಲಿ ಯಾರೂ ಅವನಿಗೆ ದೀಪ ಹಚ್ಚೋದಿಲ್ಲ."